ಅತ್ತ ಮೇಲೆ ಮಗುವಿನ ಕೈ ಸೋತರೆ

ರಾವೂರ, ವಾಡಿ ಸುತ್ತಲಿನ ತಂದೆತಾಯಂದಿರಿಗೆ ಒಂದು ಮಾತು. ಮಗು ಬಿಕ್ಕಿ ಬಿಕ್ಕಿ ಅತ್ತ ಮೇಲೆ, ಜಾತ್ರೆಯಲ್ಲಿ ಕೊಂಡ ಪೀಪಿ ಊದಿದ ಮೇಲೆ, ಬಿಸಿ ಅನ್ನ ಊದಿ ಊದಿ ಉಂಡ ಮೇಲೆ ಒಂದು ಬದಿಯ ಕೈಕಾಲು ಸೋತು, ಮಾತು ತೊದಲಿ, ಸ್ವಲ್ಪ ಹೊತ್ತಿಗೆ ಸರಿಹೋಯಿತೇ? ಗಾಳಿ ಸೋಕಿದೆ ಎಂದು ತಾಯತ ಕಟ್ಟಿ ಸುಮ್ಮನಾಗಬೇಡಿ. ಲಕ್ವ ಮುದುಕರಿಗಷ್ಟೇ ಬರುವುದಲ್ಲ. ಆ ಕ್ಷಣಕ್ಕೆ 108ಕ್ಕೆ ಫೋನ್ ಮಾಡಿ.

ಮೊಯಮೊಯ ಎಂಬ ಕಾಯಿಲೆಯಿದೆ. 1969ರಲ್ಲಿ ಜಪಾನಿನ ವೈದ್ಯರು ಇಟ್ಟ ಹೆಸರು. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ಮೆಲ್ಲಗೆ ಕಿರಿದಾಗುತ್ತವೆ. ಜೋರಾಗಿ ಉಸಿರಾಡಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ನಾಳಗಳು ಇನ್ನಷ್ಟು ಬಿಗಿಯುತ್ತವೆ, ಕೈ ಸೋಲುತ್ತದೆ.

ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಮಕ್ಕಳಿಗೆ ಮೂರು ನಿಮಿಷ ಜೋರಾಗಿ ಉಸಿರಾಡಲು ಹೇಳುವುದುಂಟು. ಆಗ ನಿಧಾನದ ಅಲೆಗಳು ಏಳುವುದು ಆರೋಗ್ಯವಂತ ಮಕ್ಕಳಲ್ಲೂ ಸಹಜ. ಮೊಯಮೊಯ ಇದ್ದರೆ ಜೋರು ಉಸಿರಾಟ ನಿಲ್ಲಿಸಿದ ಮೇಲೆ ಆ ಅಲೆಗಳು ಅಡಗಿ, ಅರೆ ನಿಮಿಷದ ಆಚೀಚೆ ಮತ್ತೆ ಏಳುತ್ತವೆ. ಕುರುಹು ಸೊಗಸಾದದ್ದೇ, ಆದರೆ ಅದಕ್ಕಾಗಿ ಮಗುವನ್ನು ಅಪಾಯಕ್ಕೆ ಒಡ್ಡುವುದು ತರವಲ್ಲ. ಅತ್ತಾಗ ಕೈ ಸೋತದ್ದನ್ನು ಪರೀಕ್ಷೆಗೆ ಮೊದಲೇ ಹೇಳಿಬಿಡಿ. ಕುಡುಗೋಲು ಕಣ ರೋಗ (ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ) ಇದ್ದರೆ ಅದನ್ನೂ ಹೇಳಿ.

ಇಇಜಿಗೆ ರಕ್ತನಾಳ ಕಾಣುವುದಿಲ್ಲ. ಅದಕ್ಕೆ ಎಂಆರ್‌ಐ, ಎಂಆರ್‌ ಆಂಜಿಯೋಗ್ರಾಮ್ ಬೇಕು. ಕಲಬುರಗಿಯ ವೈದ್ಯರು ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಟ್ಟರೆ ಹಿಂಜರಿಯಬೇಡಿ, ಶಸ್ತ್ರಚಿಕಿತ್ಸೆಯಿಂದ ಬೇರೆ ದಾರಿಯಲ್ಲಿ ರಕ್ತ ಹರಿಸಬಹುದು. ಮಗು ಮೂರ್ಛೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಇಇಜಿಯ ಹಿಂದಿನ ದಿನ ತಲೆ ತೊಳೆಯಿರಿ, ಎಣ್ಣೆ ಹಚ್ಚಬೇಡಿ.