ಗುಲಾಬಿ ತೈಲ: ಸರಸಕ್ಕೆ ಸೊಗಸು, ರೋಗಕ್ಕೆ ಮದ್ದಲ್ಲ

ಗುಲಾಬಿಯಿಂದ ತೆಗೆದ ತೈಲಕ್ಕೆ ಸುಗಂಧ ಚಿಕಿತ್ಸೆಯಲ್ಲಿ ವಿಶೇಷ ಸ್ಥಾನವಿದೆ. ದಂಪತಿಗಳ ಅನ್ಯೋನ್ಯತೆಯನ್ನು ಹೆಚ್ಚಿಸುತ್ತದೆಂದು ಹೇಳಿ ಇದನ್ನು ಮಾರುವುದುಂಟು. ಈ ಮಾತು ಎಷ್ಟು ನಿಜ? ಬಳಸುವುದು ಹೇಗೆ?

ಅಸಲಿ ತೈಲ: ಮುಂಜಾನೆ ಬಿಡಿಸಿದ ಡಮಾಸ್ಕಸ್ ಗುಲಾಬಿಯ ಹೂಗಳನ್ನು ನೀರಿನಲ್ಲಿ ಕುದಿಸಿ, ಆವಿಯನ್ನು ತಣಿಸಿ ತೈಲ ಪಡೆಯುತ್ತಾರೆ. ಬಲ್ಗೇರಿಯಾದ ಕಜನ್ಲಕ್ ಕಣಿವೆ ಮತ್ತು ಟರ್ಕಿಯ ಇಸ್ಪಾರ್ಟಾ ಇದಕ್ಕೆ ಹೆಸರುವಾಸಿ. ಒಂದು ಕಿಲೋ ತೈಲಕ್ಕೆ ಸುಮಾರು 3,000ದಿಂದ 4,000 ಕಿಲೋ ಹೂವು ಬೇಕು. ಆದ್ದರಿಂದ ಅಗ್ಗವಾಗಿ ಸಿಗುವ ‘ಗುಲಾಬಿ ತೈಲ’ ಸಾಮಾನ್ಯವಾಗಿ ಕಲಬೆರಕೆ ಅಥವಾ ಕೃತಕ ಸುಗಂಧವಾಗಿರುತ್ತದೆ. ಕನೌಜಿನ ಸಾಂಪ್ರದಾಯಿಕ ಗುಲಾಬಿ ಅತ್ತರು ಬೇರೆ. ಅದರಲ್ಲಿ ಹೂವಿನ ಆವಿಯನ್ನು ಶ್ರೀಗಂಧದೆಣ್ಣೆಯಲ್ಲಿ ಹಿಡಿದಿಡುತ್ತಾರೆ.

ಪರಿಣಾಮ: ವಾಸನೆಯ ನರಗಳಿಗೆ ಭಾವನೆ ಮತ್ತು ನೆನಪುಗಳನ್ನು ನಿಯಂತ್ರಿಸುವ ಮೆದುಳಿನ ಭಾಗದೊಡನೆ ನೇರ ಸಂಪರ್ಕವಿದೆ. ಹೀಗಾಗಿ ಇಷ್ಟವಾದ ಪರಿಮಳ ಮನಸ್ಸನ್ನು ಹಗುರಗೊಳಿಸುತ್ತದೆ. ದಣಿದ ಮನಸ್ಸು ಸಡಿಲಗೊಂಡರೆ ಮಾತು, ಸ್ಪರ್ಶ ಎರಡಕ್ಕೂ ದಾರಿಯಾಗುತ್ತದೆ. ಆದರೆ ಗುಲಾಬಿ ತೈಲ ಕಾಮೋತ್ತೇಜಕ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ನಡೆದಿರುವ ಅಧ್ಯಯನಗಳು ತೀರಾ ಚಿಕ್ಕವು.

ಬಳಸುವ ಕ್ರಮ: ಎರಡು ದೊಡ್ಡ ಚಮಚ (30 ಮಿ.ಲೀ.) ಎಳ್ಳೆಣ್ಣೆ ಅಥವಾ ಬಾದಾಮಿ ಎಣ್ಣೆಗೆ 6 ಹನಿ ತೈಲ ಬೆರೆಸಿ, ಬೆನ್ನು, ಭುಜ, ಪಾದಗಳಿಗೆ ಒಬ್ಬರಿಗೊಬ್ಬರು ಹಗುರವಾಗಿ ತಿಕ್ಕಿಕೊಳ್ಳಬಹುದು. ಬಟ್ಟಲು ಬಿಸಿನೀರಿಗೆ 2 ಹನಿ ಹಾಕಿ ಕೋಣೆಯಲ್ಲಿಟ್ಟರೂ ಸಾಕು. ಸಂಗಾತಿಗೆ ಈ ವಾಸನೆ ಇಷ್ಟವೇ ಎಂದು ಮೊದಲು ಕೇಳಿ. ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ.

ಎಚ್ಚರಿಕೆ:
* ತೈಲವನ್ನು ಕುಡಿಯಬೇಡಿ. ಎಣ್ಣೆ ಬೆರೆಸದೆ ಚರ್ಮಕ್ಕೆ ಹಚ್ಚಬೇಡಿ.
* ಬೆರೆಸಿದ ಎಣ್ಣೆಯನ್ನು ಮುಂಗೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ತುರಿಕೆ, ಕೆಂಪು ಕಂಡರೆ ಬೇಡ.
* ಗುಪ್ತಾಂಗಗಳಿಗೆ ಹಚ್ಚಬಾರದು. ಎಣ್ಣೆ ತಾಗಿದರೆ ಲ್ಯಾಟೆಕ್ಸ್ ಕಾಂಡೋಮ್ ಕೆಲವೇ ನಿಮಿಷಗಳಲ್ಲಿ ದುರ್ಬಲವಾಗಿ ಹರಿಯಬಹುದು.
* ಗರ್ಭಿಣಿಯರು, ಆಸ್ತಮಾ ಇರುವವರು ವೈದ್ಯರನ್ನು ಕೇಳಿಯೇ ಬಳಸಲಿ.

ಕೊನೆಯದಾಗಿ ಮುಖ್ಯವಾದ ಮಾತು. ಆಸಕ್ತಿ ಕುಂದುವುದಕ್ಕೆ ಖಿನ್ನತೆ, ಸಕ್ಕರೆ ಕಾಯಿಲೆ, ಸೇವಿಸುತ್ತಿರುವ ಔಷಧಿಗಳು ಕಾರಣವಾಗಿರಬಹುದು. ಪುರುಷರಲ್ಲಿ ನಿಮಿರುವಿಕೆಯ ತೊಂದರೆ ಕೆಲವೊಮ್ಮೆ ಹೃದಯದ ರಕ್ತನಾಳಗಳ ಕಾಯಿಲೆಯ ಮುನ್ಸೂಚನೆ. ಮಹಿಳೆಯರಲ್ಲಿ ಮಿಲನದ ವೇಳೆ ನೋವಿದ್ದರೆ ಅದಕ್ಕೂ ಚಿಕಿತ್ಸೆಯಿದೆ. ನಾಚಿಕೆಯಿಂದ ಸೀಸೆಗಳ ಮೊರೆಹೋಗಿ ತಿಂಗಳುಗಳನ್ನು ಕಳೆಯಬೇಡಿ. ಇಬ್ಬರೂ ಕೂಡಿ ವೈದ್ಯರನ್ನು ಕಾಣಿರಿ. ಪರಿಮಳ ಅನ್ಯೋನ್ಯತೆಗೆ ಮೆರುಗು ಕೊಡಬಲ್ಲದು, ಕಾಯಿಲೆಯನ್ನು ವಾಸಿಮಾಡಲಾರದು.