ತೊಟ್ಟಿಲಿಗಿಂತ ಮೊದಲು ಕಡತ



ವಿದೇಶದಲ್ಲಿ ನೆಲೆಸಿದವರು ಭಾರತದ ಮಗುವನ್ನು ಮಡಿಲಿಗೆ ಹಾಕಿಕೊಳ್ಳುವುದಕ್ಕೆ ಕಾನೂನಿನಲ್ಲಿ ಅಂತರದೇಶೀಯ ದತ್ತು ಎಂದು ಹೆಸರು. ಗಂಡ ಹೆಂಡತಿ ಇಬ್ಬರೂ ಹುಬ್ಬಳ್ಳಿ-ಧಾರವಾಡದವರೇ ಆಗಿರಲಿ, ಕೈಯಲ್ಲಿರುವ ಪಾಸ್‌ಪೋರ್ಟ್ ಭಾರತದ್ದೇ ಆಗಿರಲಿ, ಸಂಸಾರ ಹೊರದೇಶದಲ್ಲಿದ್ದರೆ ಈ ಹೆಸರು ತಪ್ಪುವುದಿಲ್ಲ. ಧಾರವಾಡದ ಕಡೆಯ ಮಂದಿ 'ದತ್ತಕ' ಎಂದು ಕರೆಯುವ ಹಳೆಯ ರೂಢಿ ಬೇರೆಯದು. ದತ್ತಕದಲ್ಲಿ ಮನೆಗೆ ಮಗ ಬೇಕಾಗಿದ್ದ; ಹೊಲಕ್ಕೊಬ್ಬ ವಾರಸುದಾರ, ಪಿಂಡ ಇಡಲು ಒಂದು ಕೈ. ಈಗಿನ ಕಾನೂನು ಮಗುವಿಗೆ ಮನೆ ಬೇಕು ಎಂಬಲ್ಲಿಂದ ಹೊರಡುತ್ತದೆ. ಕಾಯುವ ಕಾಲ ಇಷ್ಟು ಉದ್ದವಾಗಲು ಅರ್ಧ ಕಾರಣ ಇದೇ.

ದತ್ತಕದ ವಿಷಯದಲ್ಲಿ ಈ ಸೀಮೆ ರಕ್ತವನ್ನೂ ಹರಿಸಿದೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತಕ ಮಾಡಿಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಬಿಡಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಥ್ಯಾಕರೆ ಸತ್ತುಬಿದ್ದ. 1858ರಲ್ಲಿ ನರಗುಂದದ ಬಾಬಾಸಾಹೇಬ ಭಾವೆ ಬಂಡೆದ್ದದ್ದಕ್ಕೂ ಮುಖ್ಯ ಕಾರಣ ದತ್ತಕಕ್ಕೆ ಸರಕಾರ ಅನುಮತಿ ಕೊಡದಿದ್ದುದು. ಅದೇ ವರ್ಷದ ಜೂನಿನಲ್ಲಿ ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ಕುದುರೆ ಏರಿ ನಿಂತ ರಾಣಿಯ ಪ್ರತಿಮೆಯ ಸುತ್ತ ದಿನವೂ ತಿರುಗುವ ಬಸ್ಸು ಆಟೋಗಳಿಗೆ, ಆ ಯುದ್ಧ ಒಂದು ಕೂಸಿನ ಕಾಗದಪತ್ರದ ಜಗಳದಿಂದ ಹೊತ್ತಿಕೊಂಡದ್ದು ನೆನಪಿರುವುದಿಲ್ಲ. ಇನ್ನು ಇಂದಿನ ಮಾತು: 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಹೊರಡಿಸುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾ ದಂಡಾಧಿಕಾರಿಗೆ ಬಂದಿದೆ. ಕೂಸು ಧಾರವಾಡ ಜಿಲ್ಲೆಯ ದತ್ತು ಕೇಂದ್ರದ್ದಾದರೆ, ಥ್ಯಾಕರೆ ಕೂತಿದ್ದ ಹುದ್ದೆಯಲ್ಲೇ ಇಂದು ಕೂತಿರುವ ಜಿಲ್ಲಾಧಿಕಾರಿ ಆ ಆದೇಶಕ್ಕೆ ಸಹಿ ಹಾಕುತ್ತಾರೆ.

ಇಂದಿನ ನಿಯಮಗಳ ಮೂಲದಲ್ಲಿಯೂ ಒಂದು ಪತ್ರವೇ ಇದೆ. ಭಾರತದ ಮಕ್ಕಳನ್ನು ಹೊರದೇಶಕ್ಕೆ ಒಯ್ಯುವ ಹೆಸರಿನಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು 1982ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದ ಪತ್ರವನ್ನೇ ನ್ಯಾಯಾಲಯ ಅರ್ಜಿಯೆಂದು ಎತ್ತಿಕೊಂಡಿತು. 1984ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಪಿ. ಎನ್. ಭಗವತಿ ಕೊಟ್ಟ ತೀರ್ಪು, ಮೊದಲು ದೇಶದೊಳಗೆ ಮನೆ ಹುಡುಕಬೇಕು, ಹೆತ್ತವಳ ಒಪ್ಪಿಗೆ ಒತ್ತಾಯದಿಂದ ಪಡೆದದ್ದಾಗಿರಬಾರದು, ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಎಲ್ಲ ನಡೆಯಬೇಕು ಎಂದು ಕಟ್ಟುಮಾಡಿತು. 1990ರಲ್ಲಿ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಎಲ್ಲರ ಬಾಯಲ್ಲಿರುವ 'ಕಾರಾ' ಹುಟ್ಟಿತು. 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅಂಗೀಕರಿಸಿತು. 2015ರ ಬಾಲನ್ಯಾಯ ಕಾಯ್ದೆ ಮತ್ತು 2022ರ ದತ್ತು ನಿಯಮಾವಳಿ ಈಗ ನಡೆಯುವ ದಾರಿ.

ಊರಿನವರು ಎಡವುವುದು ಈ ದಾರಿಯ ಮೊದಲ ಮೆಟ್ಟಿಲಿನಲ್ಲೇ. ತಮ್ಮನ ಎರಡನೆಯ ಕೂಸನ್ನು ವಿದೇಶದಲ್ಲಿರುವ ಅಕ್ಕನ ಮಡಿಲಿಗೆ ಹಾಕುತ್ತಾರೆ, ಉಪನೋಂದಣಿ ಕಚೇರಿಯಲ್ಲಿ ದತ್ತಕ ಪತ್ರ ನೋಂದಾಯಿಸುತ್ತಾರೆ, ಮನೆಯಲ್ಲಿ ಹೋಳಿಗೆ ಊಟ ಆಗುತ್ತದೆ. 1956ರ ಹಿಂದೂ ದತ್ತಕ ಕಾಯ್ದೆಯ ಲೆಕ್ಕದಲ್ಲಿ ಆ ದತ್ತಕ ಸರಿಯೇ. ಆದರೆ ವೀಸಾ ಕೇಳಲು ಹೋದಾಗ ರಾಯಭಾರ ಕಚೇರಿ ಆ ಪತ್ರವನ್ನು ಬದಿಗಿಟ್ಟು ಕಾರಾದ ನಿರಾಕ್ಷೇಪಣಾ ಪತ್ರ ಎಲ್ಲಿ ಎಂದು ಕೇಳುತ್ತದೆ. ಅದಕ್ಕೆ ಜಿಲ್ಲಾ ದಂಡಾಧಿಕಾರಿಯ ಪರಿಶೀಲನೆ ಬೇಕು, ಮಗುವನ್ನು ಬರಮಾಡಿಕೊಳ್ಳುವ ದೇಶದ ಒಪ್ಪಿಗೆ ಪತ್ರ ಬೇಕು. ಹೋಳಿಗೆ ಉಂಡ ಮಂದಿ ಊರಿಗೆ ಹೋಗಿರುತ್ತಾರೆ, ಕೂಸು ಅಜ್ಜಿಯ ಹತ್ತಿರ ಉಳಿದಿರುತ್ತದೆ, ತಾಯಿ ಫೋನಿನ ಪರದೆಯಲ್ಲಿ ಕೈ ಬೀಸುತ್ತಿರುತ್ತಾಳೆ. ಈ ಸ್ಥಿತಿಯಲ್ಲಿ ವರುಷಗಟ್ಟಲೆ ಸಿಕ್ಕಿಬೀಳುವುದಕ್ಕಿಂತ, ಮೊದಲೇ ಕಾರಾದ ದಾರಿ ಹಿಡಿಯುವುದು ಲೇಸು. ಬಾಲನ್ಯಾಯ ಕಾಯ್ದೆಯಲ್ಲಿ ಸಂಬಂಧಿಕರ ದತ್ತುವಿಗೆ ಪ್ರತ್ಯೇಕ ಕ್ರಮವೂ ಇದೆ. ಆದರೆ ಅಲ್ಲಿ ಸಂಬಂಧಿಕರೆಂದರೆ ಮಗುವಿಗೆ ದೊಡ್ಡಪ್ಪ, ಕಾಕಾ, ಸೋದರತ್ತೆ, ಸೋದರಮಾವ, ಮಾವಶಿ ಅಥವಾ ಎರಡೂ ಕಡೆಯ ಅಜ್ಜ-ಅಜ್ಜಿ ಆಗಬೇಕು. ಮನೆಯವರೆಲ್ಲ ಸ್ವಂತದವರೆಂದೇ ಎಣಿಸುವ ಚುಲತ ಅಣ್ಣನ ಕೂಸು ಈ ಪಟ್ಟಿಯಲ್ಲಿ ಬರುವುದಿಲ್ಲ. ಬಾಲನ್ಯಾಯ ಕಾಯ್ದೆಗೆ ಧರ್ಮದ ಭೇದವಿಲ್ಲ. ಹಿಂದೆ ಬರೀ ಪೋಷಕರಾಗಿ ಉಳಿಯಬೇಕಿದ್ದ ಮುಸ್ಲಿಂ, ಕ್ರೈಸ್ತ ದಂಪತಿಗಳೂ ಅದರಡಿ ತಂದೆತಾಯಿಯೇ ಆಗುತ್ತಾರೆ.

ಸಂಬಂಧವಿಲ್ಲದ ಕೂಸಿಗಾಗಿ ಕಾಯುವವರ ದಾರಿ ಹೀಗಿದೆ. ವಾಸವಿರುವ ದೇಶದಲ್ಲಿ ಕಾರಾದ ಮಾನ್ಯತೆ ಪಡೆದ ಸಂಸ್ಥೆ ಅಥವಾ ಅಲ್ಲಿನ ಕೇಂದ್ರ ಪ್ರಾಧಿಕಾರದ ಮೂಲಕ ಹೆಸರು ನೋಂದಾಯಿಸಬೇಕು. ಅವೆರಡೂ ಇಲ್ಲದ ದೇಶದಲ್ಲಿ ಭಾರತದ ರಾಯಭಾರ ಕಚೇರಿ ಆ ಕೆಲಸ ಮಾಡುತ್ತದೆ. ಸಮಾಜ ಕಾರ್ಯಕರ್ತರು ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಅದು ಕೇರಿಂಗ್ಸ್ ಎಂಬ ಜಾಲತಾಣಕ್ಕೆ ಏರಿದ ಮೇಲೆ ಸರದಿ. ದಂಪತಿಯ ವಯಸ್ಸನ್ನು ಕೂಡಿಸಿ ನೋಡುವ ಕ್ರಮವೂ ಇದೆ: ಎರಡು ವರ್ಷದೊಳಗಿನ ಕೂಸು ಬೇಕಾದರೆ ಇಬ್ಬರ ವಯಸ್ಸು ಸೇರಿ 85 ಮೀರಬಾರದು, ಎರಡರಿಂದ ನಾಲ್ಕು ವರ್ಷದ್ದಾದರೆ 90. ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ. ಭಾರತೀಯ ಪೌರತ್ವ ಉಳಿಸಿಕೊಂಡ ಅನಿವಾಸಿಗಳಿಗೆ ದೇಶದೊಳಗಿನವರ ಸರಿಸಮ ಸರದಿ ಸಿಗುತ್ತದೆ. ವಿದೇಶಿ ಪೌರತ್ವ ಪಡೆದವರ ಸರದಿ ಅನಂತರದ್ದು. ಆಗ ಬರುವ ಹೆಸರುಗಳಲ್ಲಿ ಹೆಚ್ಚಿನವು ದೊಡ್ಡ ಮಕ್ಕಳು, ಒಡಹುಟ್ಟಿದವರ ಜೋಡಿ, ಇಲ್ಲವೆ ವಿಶೇಷ ಆರೈಕೆ ಬೇಕಾದವು. 2024-25ರಲ್ಲಿ ಕಾರಾ ಮೂಲಕ ಆದ 4,515 ದತ್ತುಗಳಲ್ಲಿ 4,155 ದೇಶದೊಳಗಿನವು. ಉಳಿದ ಕೆಲವು ನೂರರಲ್ಲಿ ಒಂದಾಗಲು ಕಾಯುತ್ತಿದ್ದೇವೆ ಎಂಬ ಅರಿವು ಮೊದಲ ದಿನದಿಂದಲೇ ಇದ್ದರೆ ಒಳ್ಳೆಯದು.

ಈ ಸಂಖ್ಯೆ ಇನ್ನೂ ಇಳಿಯಬಹುದು. ಡೆನ್ಮಾರ್ಕ್‌ನ ಏಕೈಕ ಅಂತರದೇಶೀಯ ದತ್ತು ಸಂಸ್ಥೆ 2024ರಲ್ಲಿ ಬಾಗಿಲು ಹಾಕುವ ನಿರ್ಧಾರಕ್ಕೆ ಬಂತು. ನೆದರ್ಲೆಂಡ್ಸ್ ಹೊರದೇಶದ ದತ್ತುಗಳನ್ನು ಹಂತಹಂತವಾಗಿ ನಿಲ್ಲಿಸಲು ಹೊರಟಿದೆ. ಚೀನಾ ತನ್ನ ಮಕ್ಕಳನ್ನು ಹೊರಗೆ ಕೊಡುವುದನ್ನು ಅದೇ ವರ್ಷ ಕೈಬಿಟ್ಟಿತು. ಹಿಂದಿನ ದಶಕಗಳಲ್ಲಿ ಸುಳ್ಳು ಕಾಗದ ಸೃಷ್ಟಿಸಿ ಸಾಗಿಸಿದ ಮಕ್ಕಳು ದೊಡ್ಡವರಾಗಿ ಬಂದು ತಮ್ಮ ತಾಯಿ ಯಾರೆಂದು ಕೇಳಿದ್ದು ಯುರೋಪಿನ ನಿರ್ಧಾರಗಳ ಹಿಂದಿದೆ. ಕಾರಾದ ಕಚೇರಿ ಒಂದೊಂದು ಕಾಗದಕ್ಕೂ ಹಿಂದೆಮುಂದೆ ನೋಡುವುದು ಅರ್ಜಿದಾರರಿಗೆ ಕಿರಿಕಿರಿ ಎನಿಸಿದರೂ, ಆ ಕೂಸು ಇಪ್ಪತ್ತು ವರ್ಷದ ಮೇಲೆ ಅದೇ ಕಾಗದ ತಿರುವಿ ನೋಡುವಾಗ ಅದರ ಬೆಲೆ ತಿಳಿಯುತ್ತದೆ.

ಕೂಸಿನ ಕಡೆಯ ಕಾಲವನ್ನೂ ಲೆಕ್ಕ ಹಾಕಬೇಕು. ಹೆತ್ತವಳು ತಾನಾಗಿ ಒಪ್ಪಿಸಿದ ಕೂಸಾದರೆ ಮನಸ್ಸು ಬದಲಿಸಲು ಆಕೆಗೆ 60 ದಿನ ಇವೆ. ಬಿಟ್ಟುಹೋದ ಕೂಸಾದರೆ ಹೆತ್ತವರನ್ನು ಹುಡುಕಿದ ಮೇಲೆಯೇ ಮಕ್ಕಳ ಕಲ್ಯಾಣ ಸಮಿತಿ ಅದನ್ನು ದತ್ತುವಿಗೆ ಮುಕ್ತವೆಂದು ಸಾರುತ್ತದೆ. ಎರಡು ವರ್ಷದೊಳಗಿನ ಕೂಸಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡದಕ್ಕೆ ನಾಲ್ಕು ತಿಂಗಳು. ದೇಶದೊಳಗಿನವರಿಗೂ ಅನಿವಾಸಿಗಳಿಗೂ ತೋರಿಸಲು ಇನ್ನೊಂದು 60 ದಿನ. ವಿದೇಶಿ ಪೌರರ ಸರದಿ ಆಮೇಲೆ. ಹೆಸರು ಬಂದರೆ 96 ಗಂಟೆಯೊಳಗೆ ಕಾಯ್ದಿರಿಸಬೇಕು, 30 ದಿನದೊಳಗೆ ಒಪ್ಪಿಗೆ ಸಹಿ ಮಾಡಬೇಕು, ನಿರಾಕ್ಷೇಪಣಾ ಪತ್ರ ಬರಬೇಕು, ಜಿಲ್ಲಾ ದಂಡಾಧಿಕಾರಿ ಎರಡು ತಿಂಗಳೊಳಗೆ ಆದೇಶ ಕೊಡಬೇಕು, ಪಾಸ್‌ಪೋರ್ಟ್, ವೀಸಾ. ಹಾಗಾಗಿ ಮನೆಗೆ ಬರುವ 'ಕೂಸು' ಸಾಮಾನ್ಯವಾಗಿ ಹೊಸ್ತಿಲು ಹಿಡಿದು ನಿಲ್ಲುವಷ್ಟು ಬೆಳೆದಿರುತ್ತದೆ. ಧಾರವಾಡ ಜಿಲ್ಲೆಯ ಅಜ್ಜಿಯರು ಮೊಮ್ಮಗು ಬರುವ ಸುದ್ದಿ ಕೇಳಿದ್ದೇ ಕಲಘಟಗಿಗೆ ಹೋಗಿ ತೊಟ್ಟಿಲಿಗೆ ಹೇಳಿಬರುವುದುಂಟು. ಅರಗಿನ ಬಣ್ಣ ಹೊಳೆಯುವ ಆ ತೊಟ್ಟಿಲ ಪಟ್ಟಿಗಳ ಮೇಲೆ ರಾಮಾಯಣದ ಪ್ರಸಂಗಗಳು, ಬಾಲಕೃಷ್ಣನ ಲೀಲೆಗಳು ಇರುತ್ತವೆ. (ಆ ಕೃಷ್ಣನೂ ಸಾಕಿದ ತಾಯಿಯ ಮನೆಯಲ್ಲೇ ಬೆಳೆದವನು ಎಂಬುದು ಬಣ್ಣ ಹಚ್ಚುವವರಿಗೆ ಗೊತ್ತು, ನೋಡುವವರು ಮರೆಯುತ್ತಾರೆ.) ಖಾಲಿ ತೊಟ್ಟಿಲು ತೂಗಬಾರದೆಂಬ ಮಾತನ್ನು ಮೂಢನಂಬಿಕೆಯೆಂದು ತಳ್ಳಬಹುದು, ಆದರೆ ಎರಡು ವರ್ಷ ಮೂಲೆಯಲ್ಲಿ ನಿಂತ ತೊಟ್ಟಿಲು ಮನೆಯವರ ಮನಸ್ಸನ್ನು ಹಿಂಡುವುದು ಸುಳ್ಳಲ್ಲ. ತೊಟ್ಟಿಲು ಕಡೆಗೆ ಬರಲಿ, ಮೊದಲು ಕಡತ ಪೂರ್ಣವಾಗಲಿ.

ಹುಟ್ಟಿ ವಾರವೂ ತುಂಬದ ಕೂಸನ್ನು ಕಾರಾದ ದಾರಿಯಲ್ಲಿ ಯಾರ ಕೈಗೂ ಕೊಡುವುದಿಲ್ಲ. 'ಆಸ್ಪತ್ರ್ಯಾಗ ಒಂದು ಕೂಸು ಅದ, ಲಗೂನ ಬರ್ರಿ' ಎಂದು ಕರೆಯುವ ಮಧ್ಯವರ್ತಿಯ ಮಾತಿಗೆ ಮರುಳಾದವರು ಕೂಸನ್ನೂ ಕಳೆದುಕೊಳ್ಳುತ್ತಾರೆ, ಸೆರೆಮನೆಯನ್ನೂ ನೋಡುತ್ತಾರೆ. ಮಗುವನ್ನು ಕೊಳ್ಳುವುದಕ್ಕೂ ಮಾರುವುದಕ್ಕೂ ಐದು ವರ್ಷದವರೆಗೆ ಕಠಿಣ ಶಿಕ್ಷೆ. ಆಸ್ಪತ್ರೆಯ ಸಿಬ್ಬಂದಿಯೇ ಮಾಡಿದರೆ ಮೂರರಿಂದ ಏಳು ವರ್ಷ.

ಹೆಸರು ಬಂದ ದಿನ ಜೊತೆಗೆ ಬರುವುದು ಒಂದು ಫೋಟೋ ಮತ್ತು ಎರಡು ವರದಿ: ಮಗುವಿನ ಅಧ್ಯಯನ ವರದಿ, ವೈದ್ಯಕೀಯ ಪರೀಕ್ಷಾ ವರದಿ. ಮನೆಯವರ ಕಣ್ಣು ಫೋಟೋದ ಮೇಲೆಯೇ ನಿಲ್ಲುತ್ತದೆ. ನಿಲ್ಲಬೇಕಾದ್ದು ವರದಿಯ ಮೇಲೆ. ಹುಟ್ಟಿದಾಗಿನ ತೂಕ, ತಲೆಯ ಸುತ್ತಳತೆ ತಿಂಗಳಿಂದ ತಿಂಗಳಿಗೆ ಹೇಗೆ ಏರಿದೆ, ರಕ್ತ ಪರೀಕ್ಷೆಗಳು, ಕುತ್ತಿಗೆ ನಿಂತದ್ದು ಯಾವಾಗ, ಕೂತದ್ದು ಯಾವಾಗ ಎಂಬುದನ್ನು ಮಕ್ಕಳ ವೈದ್ಯರ ಮುಂದಿಟ್ಟು ಕೇಳಬೇಕು. ಹತ್ತು ತಿಂಗಳ ಕೂಸು ಇನ್ನೂ ಅಂಬೆಗಾಲಿಡುತ್ತಿಲ್ಲ ಎಂದಿದ್ದರೆ ಅದು ಕಾಯಿಲೆಯೇ ಆಗಿರಬೇಕೆಂದಿಲ್ಲ. ಒಬ್ಬ ಆಯಾ ಹಲವು ಕೂಸುಗಳನ್ನು ನೋಡಿಕೊಳ್ಳುವ ಕಡೆ ಕೂಸು ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ. ಎತ್ತಿ ಆಡಿಸುವ ಕೈ ಸಿಕ್ಕ ಮೇಲೆ ಎಷ್ಟೋ ಮಕ್ಕಳು ಬೇಗ ಸರಿಹೊಂದುತ್ತವೆ. 'ವಿಶೇಷ ಅಗತ್ಯ' ಎಂಬ ಮಾತಿನ ಹರವೂ ದೊಡ್ಡದು: ಒಂದು ಶಸ್ತ್ರಚಿಕಿತ್ಸೆಯಿಂದ ಸರಿಹೋಗುವ ಸೀಳುತುಟಿಯೂ ಅದರಲ್ಲಿದೆ, ಜೀವಮಾನವಿಡೀ ಆರೈಕೆ ಬೇಡುವ ಸ್ಥಿತಿಯೂ ಅದರಲ್ಲೇ ಇದೆ. ಆಗದು ಎನಿಸಿದರೆ ಆಗದು ಎನ್ನುವುದು ಪಾಪವಲ್ಲ. ಕರುಣೆಗೆ ಬಿದ್ದು ಒಪ್ಪಿ, ಆಮೇಲೆ ಹಿಂದಿರುಗಿಸುವುದು ಕೂಸನ್ನು ಎರಡನೆಯ ಸಲ ಬಿಟ್ಟಂತೆ.

ಒಪ್ಪಿಗೆಗೂ ಪ್ರಯಾಣಕ್ಕೂ ನಡುವಿನ ತಿಂಗಳುಗಳಲ್ಲಿ ಮಾಡಬಹುದಾದ ಕೆಲಸ ಇದೆ. ಈ ಕಡೆಯ ಮನೆಗಳಲ್ಲಿ ಹಳೆಯ ಇಳಕಲ್ ಸೀರೆ, ಮಾಸಿದ ಧೋತರ ಕೂಡಿಸಿ ಅಜ್ಜಿ ಹೊಲಿಯುವ ಕೌದಿಯನ್ನು, ದತ್ತು ಕೇಂದ್ರದವರು ಒಪ್ಪಿದರೆ, ಮೊದಲೇ ಕಳಿಸಬಹುದು. ಕೂಸು ಅದನ್ನು ಹೊದ್ದು ಮಲಗಲಿ, ಬಾಯಿಯ ಜೊಲ್ಲೂ ಆಯಾ ಹಚ್ಚುವ ಎಣ್ಣೆಯ ಕಮಟೂ ಅದಕ್ಕೆ ಹತ್ತಲಿ. ಕರೆತರುವಾಗ ಒಗೆಯದೆ ಹಾಗೆಯೇ ತರಬೇಕು. ವಿಮಾನದಲ್ಲಿ, ಹೊಸ ಊರಿನ ಮೊದಲ ರಾತ್ರಿಗಳಲ್ಲಿ ಕೂಸಿಗೆ ಗುರುತಿರುವುದು ಆ ವಾಸನೆ ಒಂದೇ. ಕೇಂದ್ರದಲ್ಲಿ ಅದನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು, ಯಾವ ಮಾತಿನಲ್ಲಿ ರಮಿಸುತ್ತಿದ್ದರು ಎಂದು ಕೇಳಿ ಬರೆದಿಟ್ಟುಕೊಳ್ಳುವುದೂ ಅಷ್ಟೇ ಮುಖ್ಯ. ಧಾರವಾಡದ ದಂಪತಿಗೆ ಸಿಗುವ ಕೂಸು ಒಡಿಯಾ ಕೇಳಿ ಬೆಳೆದದ್ದಾಗಿರಬಹುದು. ಕೆಲಸದಲ್ಲಿರುವವರು ರಜೆಯನ್ನು ಕಾಯುವ ಕಾಲಕ್ಕೆ ಖರ್ಚು ಮಾಡದೆ ಉಳಿಸಿಕೊಳ್ಳಬೇಕು. ನಿರಾಕ್ಷೇಪಣಾ ಪತ್ರ ಬಂದ ಮೇಲೆ, ಆದೇಶ ಬರುವ ತನಕ ಭಾರತದಲ್ಲೇ ಕೂಸನ್ನು ಹತ್ತಿರ ಇಟ್ಟುಕೊಳ್ಳಲು ಅವಕಾಶವಿದೆ. ಅಜ್ಜಿಯ ಮನೆಯ ಪಡಸಾಲೆಯಲ್ಲಿ ಕಳೆಯುವ ಆ ದಿನಗಳಲ್ಲಿ ಆಗುವಷ್ಟು ಪರಿಚಯ ಬೇರೆಲ್ಲೂ ಆಗುವುದಿಲ್ಲ.

ಕೂಸು ಬಂದ ಮೇಲೆ ಬರುವ ಮೊದಲ ಪ್ರಶ್ನೆ ಓಣಿಯದು: 'ಯಾರ ಪೈಕಿ?' ಕೂಸಿನ ಜಾತಿ ಕೆದಕುವ ಈ ಪ್ರಶ್ನೆಗೆ ಹಿರಿಯರು ಒಂದೇ ಉತ್ತರ ಗಟ್ಟಿಮಾಡಿಕೊಂಡಿರಬೇಕು: 'ನಮ್ಮ ಪೈಕಿ.' ಕಾನೂನೂ ಅಷ್ಟನ್ನೇ ಹೇಳುತ್ತದೆ. ಆದೇಶವಾದ ದಿನದಿಂದ ಮಗುವಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಎಲ್ಲ ಹಕ್ಕೂ ಇದೆ. ಜನನ ಪ್ರಮಾಣಪತ್ರದಲ್ಲಿ ತಂದೆತಾಯಿ ಎಂದು ದತ್ತು ಪಡೆದವರ ಹೆಸರೇ ಬರುತ್ತದೆ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ ಅನುಕಂಪದ ನೌಕರಿಯ ಮೊಕದ್ದಮೆಯೊಂದರಲ್ಲಿ, ದತ್ತುಮಗನಿಗೂ ಹೆತ್ತ ಮಗನಿಗೂ ಭೇದ ಮಾಡಿದರೆ ದತ್ತುವಿಗೆ ಅರ್ಥವೇ ಉಳಿಯದು ಎಂದು ತೀರ್ಪು ಕೊಟ್ಟಿದೆ. ವಿಷಯವನ್ನು ಮಗುವಿನಿಂದ ಮುಚ್ಚಿಡುವುದು ಮಾತ್ರ ತಪ್ಪು. ಮಾತು ತಿಳಿಯುವ ವಯಸ್ಸಿನಿಂದಲೇ ಕತೆಯಂತೆ ಹೇಳುತ್ತ ಬಂದರೆ, ಯಾವುದೋ ಮದುವೆ ಮನೆಯಲ್ಲಿ ಯಾರದೋ ಬಾಯಿಂದ ಕೇಳುವ ದುರ್ದಿನ ಬರುವುದಿಲ್ಲ.

ಮನೆ ತಲುಪಿದ ಮೇಲೂ ಎರಡು ವರ್ಷ ವರದಿ ಹೋಗಬೇಕು: ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ, ಒಟ್ಟು ಆರು. ಆರನೆಯದು ಹೋದ ದಿನ ಕಾಗದದ ಕೆಲಸ ಮುಗಿಯಿತೆಂದು ಕಡತವನ್ನು ಅಟ್ಟಕ್ಕೆ ಏರಿಸುವವರಿದ್ದಾರೆ. ಹೆತ್ತವರ ಮೂಲ ಹುಡುಕುವ ಅರ್ಜಿಯನ್ನು 18 ತುಂಬಿದ ಮಗು ತಾನೇ ಹಾಕಬಹುದು; ಆಗ ಅದಕ್ಕೆ ಬೇಕಾಗುವುದು ಮಕ್ಕಳ ಕಲ್ಯಾಣ ಸಮಿತಿಯ ಘೋಷಣೆ, ದತ್ತು ಆದೇಶ, ಹೇಗ್ ಒಪ್ಪಂದದ ಅನುಸರಣಾ ಪ್ರಮಾಣಪತ್ರ, ಮೊದಲ ಫೋಟೋ. ಇವುಗಳ ಮೂಲಪ್ರತಿಗಳನ್ನು ಒಂದು ಕಡೆ ಭದ್ರವಾಗಿಟ್ಟು, ಒಗೆಯದ ಕೌದಿಯ ಒಂದು ತುಂಡನ್ನೂ ಅದರೊಳಗೇ ಮಡಚಿ, ಮಗು ಕೇಳಿದ ದಿನ ಅದರ ಕೈಗೆ ಕೊಡಬೇಕು. ಆ ಕಡತ ಮಗುವಿನದು.