ಒಡಹುಟ್ಟಿದವನೋ, ಗಂಡನೋ? – ಗೀಸ್ಲಿಯ ಕಥೆ ಕಲಿಸುವ ಪಾಠ



ಸುಮಾರು ಕ್ರಿ.ಶ. 793ರಿಂದ 1066ರವರೆಗಿನ ಕಾಲವನ್ನು ಇತಿಹಾಸಕಾರರು ವೈಕಿಂಗ್ ಯುಗ ಎನ್ನುತ್ತಾರೆ. ವೈಕಿಂಗರೆಂದರೆ ನಮಗೆ ನೆನಪಾಗುವುದು ಹಡಗು, ಕೊಡಲಿ ಮತ್ತು ಲೂಟಿ. ಅವರ ಮನೆಯೊಳಗಿನ ಬದುಕು ತಿಳಿಯಬೇಕಾದರೆ ಐಸ್‌ಲ್ಯಾಂಡಿನ ಸಾಗಾಗಳನ್ನು ಓದಬೇಕು. ಇವು ಹೆಚ್ಚಾಗಿ 13ನೇ ಶತಮಾನದಲ್ಲಿ, ಆ ನಾಡಿನ ಪೂರ್ವಜರ ಬಗ್ಗೆ ಬರೆದಿಟ್ಟ ಗದ್ಯಕಥೆಗಳು. ಇತಿಹಾಸ, ಕಲ್ಪನೆ ಎರಡೂ ಬೆರೆತಿರುವುದರಿಂದ ಇವನ್ನು ನಾನು ಐತಿಹಾಸಿಕ ಕಾದಂಬರಿಯ ಹಿರಿಯ ರೂಪವೆಂದೇ ತಿಳಿಯುತ್ತೇನೆ. ಅವುಗಳಲ್ಲಿ ಒಂದು, 10ನೇ ಶತಮಾನದ ಗೀಸ್ಲಿ ಎಂಬುವನ ಕಥೆ.

ಗೀಸ್ಲಿ, ಅವನ ಸಹೋದರ ಥೋರ್ಕೆಲ್, ಸಹೋದರಿ ಥೋರ್ಡಿಸ್‌ಳ ಗಂಡ ಥೋರ್ಗ್ರಿಮ್ ಹಾಗೂ ಹೆಂಡತಿ ಔಡ್‌ಳ ಸಹೋದರ ವೆಸ್ಟೈನ್ – ಈ ನಾಲ್ವರು ರಕ್ತ ಬೆರೆಸಿ ಸಹೋದರತ್ವದ ಪ್ರಮಾಣ ಮಾಡಲು ಸೇರುತ್ತಾರೆ. ಕೊನೆಯ ಗಳಿಗೆಯಲ್ಲಿ ಥೋರ್ಗ್ರಿಮ್, ವೆಸ್ಟೈನ್‌ನಿಗೆ ತಾನು ಬದ್ಧನಲ್ಲ ಎಂದು ಕೈ ಹಿಂದೆಗೆಯುತ್ತಾನೆ. ಪ್ರಮಾಣ ಅಲ್ಲಿಗೇ ಮುರಿಯುತ್ತದೆ.

ಮುಂದೆ ಒಂದು ರಾತ್ರಿ ಗೀಸ್ಲಿಯ ಮನೆಯಲ್ಲೇ ವೆಸ್ಟೈನ್‌ನ ಕೊಲೆಯಾಗುತ್ತದೆ. ಗಾಯದಿಂದ ಆಯುಧ ಕಿತ್ತವನೇ ಸೇಡು ತೀರಿಸಬೇಕೆಂಬುದು ಅಂದಿನ ಪದ್ಧತಿ. ಈಟಿಯನ್ನು ಕಿತ್ತವನು ಗೀಸ್ಲಿ. ಅವನ ಅನುಮಾನ ಥೋರ್ಗ್ರಿಮ್‌ನ ಮೇಲೆ. ಅದೇ ಈಟಿಯಿಂದ, ಥೋರ್ಡಿಸ್‌ಳ ಪಕ್ಕದಲ್ಲಿ ಮಲಗಿದ್ದ ಥೋರ್ಗ್ರಿಮ್‌ನನ್ನು ಅವನು ಕೊಲ್ಲುತ್ತಾನೆ. ಆಗ ಅವಳು ಗರ್ಭಿಣಿ.

ಕೊಂದವರು ಯಾರೆಂದು ಮೊದಲು ಬಯಲಾಗುವುದಿಲ್ಲ. ಗೀಸ್ಲಿ ತಾನೇ ಹೇಳಿಕೊಂಡ ಒಂದು ಪದ್ಯದ ಒಳಗುಟ್ಟನ್ನು ಥೋರ್ಡಿಸ್ ಬಿಡಿಸುತ್ತಾಳೆ. ತನ್ನ ಎರಡನೆಯ ಗಂಡ ಬೋರ್ಕ್‌ನಿಗೆ ತಿಳಿಸುತ್ತಾಳೆ. ಅವನು ಥೋರ್ಗ್ರಿಮ್‌ನ ಸಹೋದರ. ಥಿಂಗ್ ಎಂಬ ನ್ಯಾಯಸಭೆ ಗೀಸ್ಲಿಯನ್ನು ಬಹಿಷ್ಕರಿಸುತ್ತದೆ. ಬಹಿಷ್ಕೃತನನ್ನು ಯಾರು ಕೊಂದರೂ ಶಿಕ್ಷೆಯಿಲ್ಲ.

ಥೋರ್ಕೆಲ್ ಹಣ ಕೊಡುತ್ತಾನೆ, ಆಶ್ರಯ ಕೊಡುವುದಿಲ್ಲ. ಔಡ್ ಮಾತ್ರ ಕೈಬಿಡುವುದಿಲ್ಲ. ಗಂಡನ ಅಡಗುತಾಣ ತೋರಿಸಲು ಬೆನ್ನಟ್ಟಿ ಬಂದ ಐಯೋಲ್ಫ್ ಬೆಳ್ಳಿಯ ಆಸೆ ಒಡ್ಡಿದಾಗ, ಆ ಬೆಳ್ಳಿಯ ಚೀಲದಿಂದಲೇ ಅವನ ಮೂಗಿಗೆ ಬಾರಿಸುತ್ತಾಳೆ! ಕೊನೆಗೆ ಗೀಸ್ಲಿ ಹೋರಾಡುತ್ತಲೇ ಸಾಯುತ್ತಾನೆ. ಸುದ್ದಿ ತಂದ ಐಯೋಲ್ಫ್‌ನನ್ನು ಬೋರ್ಕ್ ಸತ್ಕರಿಸುವಾಗ, ಥೋರ್ಡಿಸ್ ಗೀಸ್ಲಿಯ ಕತ್ತಿಯಿಂದಲೇ ಐಯೋಲ್ಫ್‌ನ ತೊಡೆಗೆ ಇರಿಯುತ್ತಾಳೆ. ಬೋರ್ಕ್‌ನಿಗೆ ವಿಚ್ಛೇದನ ಘೋಷಿಸುತ್ತಾಳೆ.

ಹಾಗಾದರೆ ದ್ರೋಹ ಮಾಡಿದವರು ಯಾರು? ಗಂಡನ ಕೊಲೆಯನ್ನು ಮುಚ್ಚಿಟ್ಟಿದ್ದರೆ ಥೋರ್ಡಿಸ್ ಸತ್ತವನಿಗೂ ಹುಟ್ಟಲಿದ್ದ ಮಗುವಿಗೂ ದ್ರೋಹ ಮಾಡಿದಂತೆ. ಬಯಲು ಮಾಡಿದ್ದರಿಂದ ಒಡಹುಟ್ಟಿದವನಿಗೆ ದ್ರೋಹವಾಯಿತು. ಗೀಸ್ಲಿಯೂ ಹಾಗೆಯೇ: ಹೆಂಡತಿಯ ಮನೆಗೆ ನಿಷ್ಠನಾಗಲು ಸಹೋದರಿಯನ್ನು ವಿಧವೆ ಮಾಡಿದ. ಇಲ್ಲಿ ಒಬ್ಬರ ಮೇಲಿನ ನಿಷ್ಠೆಯೇ ಇನ್ನೊಬ್ಬರ ಪಾಲಿಗೆ ದ್ರೋಹವಾಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಕಥೆಯ ತಿರುಳು ಇದೇ.

ನಿಷ್ಠೆ ಎಂದರೆ ಸೇಡು ಎಂದು ಆ ಸಮಾಜ ನಂಬಿತ್ತು. ಇಸ್ಲಾಮಿಗೆ ಮುಂಚಿನ ಅರೇಬಿಯಾದ ಕುಲಗಳಲ್ಲೂ ಇದೇ ನಂಬಿಕೆಯಿತ್ತು. ಸಹೋದರನು ಅನ್ಯಾಯಕ್ಕೆ ಇಳಿದಾಗ ಅವನನ್ನು ತಡೆಯುವುದೇ ಅವನಿಗೆ ಮಾಡುವ ಸಹಾಯ ಎಂದು ಪ್ರವಾದಿ ಮುಹಮ್ಮದ್(ಸ)ರವರು ಕಲಿಸಿದರು. ಗೀಸ್ಲಿಯ ಕಥೆ ಓದಿದ ಮೇಲೆ ಆ ಬೋಧನೆಯ ತೂಕ ನನಗೆ ಇನ್ನಷ್ಟು ಸ್ಪಷ್ಟವಾಗಿದೆ. ನಮ್ಮವರ ಪರವಾಗಿ ನಿಲ್ಲುವುದು ಸುಲಭ. ನಮ್ಮವರ ಕೈ ತಪ್ಪಿನ ಕಡೆಗೆ ಏಳುವಾಗ ಅದನ್ನು ಹಿಡಿದು ನಿಲ್ಲಿಸುವುದು ಕಷ್ಟ. ಆದರೆ ಕುಟುಂಬವನ್ನು ಉಳಿಸುವುದು ಅದೇ.